ಒಬ್ಬರ ಬದುಕಿನ ಅರ್ಥ, ಇನ್ನೊಬ್ಬರ ಹೆಗಲ ಮೇಲೆ

ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ನಮ್ಮೂರು ಚಿತ್ತಾಪುರ ತಾಲ್ಲೂಕಿನದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಮುಂದಿಟ್ಟುಕೊಂಡು ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದೆವು. ಅಣ್ಣನ ಮಗನೂ ಬಂದಿದ್ದ. ಅವನಿಗೀಗ 27. ಐದು ವರ್ಷದಿಂದ ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಸುಮ್ಮನೆ ರೊಟ್ಟಿ ಮುರಿಯುತ್ತಿದ್ದವನು ಇದ್ದಕ್ಕಿದ್ದಂತೆ ಕೇಳಿದ: "ಕಾಕಾ, ಇದೆಲ್ಲಾ ಯಾತಕ್ಕ?"

ಓದುವುದು ಯಾತಕ್ಕೆ ಅಂತ ಕೇಳುತ್ತಿದ್ದಾನೆ ಅಂದುಕೊಂಡೆ. ಆದರೆ ಅವನ ಕೈ ಪಡಸಾಲೆ, ಅಂಗಳ, ಹೊರಗೆ ಒಟ್ಟಿದ್ದ ತೊಗರಿ ಬಣವೆ, ಎಲ್ಲದರ ಕಡೆ ಒಂದು ಸುತ್ತು ಹಾಕಿತು.

ನಾನು ಬಾಯಿ ತೆಗೆಯುವ ಮೊದಲೇ ಮುತ್ಯಾ, ಅಂದರೆ ಅಜ್ಜ, ಹೇಳಿದರು. "ತಮ್ಮಾ, ಇದ್ದಷ್ಟು ದಿನ ದುಡಿಬೇಕು. ಹಸದು ಬಂದೋರಿಗಿ ಒಂದ್ ರೊಟ್ಟಿ ಹಾಕ್ಬೇಕು. ಶರಣಬಸಪ್ಪನ ಪಾದ ಸೇರ್ಬೇಕು. ಅಷ್ಟಾ." ಅಣ್ಣ ತಟ್ಟೆಯಿಂದ ತಲೆ ಎತ್ತದೆ ಅಂದ: "ನೀ ಒಂದು ನೌಕರಿ ಹಿಡದಿ ಅಂದ್ರ ನನ್ನ ಜೀವನ ಸಾರ್ಥಕ ಆಯ್ತು ನೋಡು." ಅತ್ತಿಗೆ ಒಲೆಯ ಹತ್ತಿರದಿಂದಲೇ, "ಮದ್ಲ ಈ ತೊಗರಿ ಮನಿ ಸೇರ್ಲಿ, ಅರ್ಥ ಆಮ್ಯಾಲ ಹುಡುಕಾಮ" ಅಂದರು. ಅಣ್ಣನ ಮಗಳು ಬೆಂಗಳೂರಿನಿಂದ ವಿಡಿಯೋ ಕಾಲ್‌ನಲ್ಲಿದ್ದಳು. ಅವಳ ಉತ್ತರ: "ಅರ್ಥ ಗಿರ್ಥ ಅಂತ ಏನೂ ಇರಲ್ಲ ಕಣೋ. ನಾವೇ ಮಾಡ್ಕೋಬೇಕು." ಎರಡು ವರ್ಷದಲ್ಲಿ ಹುಡುಗಿಯ ಬಾಯಿಗೆ 'ಕಣೋ' ಬಂದಿದೆ. ಅವಳ ಅವ್ವನಿಗೆ ಉತ್ತರಕ್ಕಿಂತ ಆ 'ಕಣೋ'ನೇ ಜಾಸ್ತಿ ಚುಚ್ಚಿದ್ದು.

ಕೇಳಿದ ಹುಡುಗ ಮತ್ತೆ ಮಾತಾಡಲಿಲ್ಲ. ನಾಲ್ಕು ಉತ್ತರ ಸಿಕ್ಕವನ ಮುಖ ಒಂದೂ ಸಿಗದವನ ಮುಖದಂತೆ ಇತ್ತು. ಅಂದಿನಿಂದ ಇದನ್ನು ಯೋಚಿಸುತ್ತಿದ್ದೇನೆ. ಒಂದೇ ಮನೆ, ಒಂದೇ ಹೊಲ, ಒಂದೇ ದೇವರ ಜಗುಲಿ. ಆದರೂ ಬದುಕು ಯಾಕೆ ಅನ್ನುವುದಕ್ಕೆ ನಾಲ್ಕು ಬಾಯಿ ನಾಲ್ಕು ಥರ ಹೇಳುತ್ತವಲ್ಲ, ಅದು ಯಾಕೆ?

ಮೊದಲ ಕಾರಣ ಸರಳ. ನಾಲ್ವರೂ ಒಂದೇ ಪ್ರಶ್ನೆಗೆ ಉತ್ತರಿಸಲಿಲ್ಲ. ಫಿನ್ಲೆಂಡಿನ ಫ್ರಾಂಕ್ ಮಾರ್ಟೆಲಾ ಮತ್ತು ಅಮೆರಿಕದ ಮೈಕೆಲ್ ಸ್ಟೆಗರ್ ಅನ್ನುವ ಸಂಶೋಧಕರು 2016ರಲ್ಲಿ ಬರೆದ ಒಂದು ಪ್ರಬಂಧ ಇಲ್ಲಿ ಕೆಲಸಕ್ಕೆ ಬರುತ್ತದೆ. ಜನ 'ಅರ್ಥ' ಅಂದಾಗ ಅದರೊಳಗೆ ಮೂರು ಬೇರೆ ಬೇರೆ ಸಂಗತಿ ಇರುತ್ತವೆ ಅನ್ನುತ್ತಾರೆ ಅವರು. ಒಂದು ತಾಳೆ: ನನಗೆ ಆಗುತ್ತಿರುವುದೆಲ್ಲ ಒಂದಕ್ಕೊಂದು ಹೊಂದುತ್ತಿದೆಯೇ, ತಿಳಿಯುವಂತಿದೆಯೇ? ಎರಡನೆಯದು ಗುರಿ: ನಾನು ಎಲ್ಲಿಗೆ ಹೊರಟಿದ್ದೇನೆ? ಮೂರನೆಯದು ಬೆಲೆ: ಈ ಬದುಕು ಬದುಕುವಷ್ಟು ಬೆಲೆಯದೇ? ಮುತ್ಯಾನ ಮಾತಿನಲ್ಲಿ ಮೂರೂ ಒಂದರೊಳಗೊಂದು ಕೂತಿವೆ. ಅಣ್ಣ ಹೇಳಿದ್ದು ಬರೀ ಗುರಿ. ಅತ್ತಿಗೆ ಪ್ರಶ್ನೆಯನ್ನೇ ಮುಂದಕ್ಕೆ ಹಾಕಿದರು. ಹುಡುಗಿ, ಹೊರಗಿನಿಂದ ಬರುವ ಬೆಲೆ ಯಾವುದೂ ಇಲ್ಲ ಅಂದಳು. ಇನ್ನು ಕೇಳಿದವನಿಗೆ ಗುರಿ ಇತ್ತು, ಐದು ವರ್ಷದಿಂದ ಅದೊಂದೇ ಇತ್ತು. ಅವನಿಗೆ ತಪ್ಪಿದ್ದು ತಾಳೆ.

ಆದರೆ ಇಷ್ಟು ಹೇಳಿದರೆ ಮುಗಿಯುವುದಿಲ್ಲ. ಆ ನಾಲ್ಕು ಉತ್ತರಗಳನ್ನು ಇನ್ನೊಮ್ಮೆ ನೋಡಿ. ಮೂರರಲ್ಲಿ ಹೇಳುವವರು ತಮ್ಮ ಬದುಕಿನ ಮಾತಾಡುತ್ತಿದ್ದಾರೆ. ಅಣ್ಣನ ಉತ್ತರದಲ್ಲಿ ಮಾತ್ರ ಅವನ ಬದುಕಿನ ಅರ್ಥ ಇನ್ನೊಬ್ಬನ ಕೈಯಲ್ಲಿದೆ. ಮಗ ಪರೀಕ್ಷೆ ಪಾಸಾದರೆ ಅಪ್ಪನ ಬದುಕಿಗೆ ಅರ್ಥ. ಫೇಲಾದರೆ? ಅದನ್ನು ಅಣ್ಣ ಹೇಳಲಿಲ್ಲ. ಹುಡುಗನಿಗೆ ಕೇಳಿಸಿದ್ದು ಅದೇ.

ಬದುಕಿನ ಅರ್ಥದ ಬಗ್ಗೆ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ, ಇರಲಿ ಬಿಡಿ, ಅಂತ ಹಗುರವಾಗಿ ಹೇಳಿಬಿಡುತ್ತೇವೆ. ಅಭಿಪ್ರಾಯ ಬೇರೆಯಾದರೆ ನಿಜಕ್ಕೂ ಕಷ್ಟವಿಲ್ಲ. ಒಬ್ಬರ ಅರ್ಥಕ್ಕೆ ಇನ್ನೊಬ್ಬರ ಬದುಕು ಕಚ್ಚಾ ಮಾಲು ಆದಾಗ ಕಷ್ಟ ಶುರುವಾಗುತ್ತದೆ. ನಮ್ಮ ಭಾಗದಲ್ಲಿ ಈಗ ಅದು ಮನೆಮನೆಯ ಕತೆ.

ಅಣ್ಣನನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅವನ ಉತ್ತರ ಹೊಲದಿಂದ ಬಂದದ್ದು. ನಮ್ಮದು ಮಳೆ ನಂಬಿದ ಎರೆಭೂಮಿ. ಕಲಬುರಗಿಯ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಮುದ್ರೆ ಸಿಕ್ಕಿತು, ಹೆಸರಾಯಿತು. ಆದರೆ ಹೂವಿನ ಹೊತ್ತಿಗೆ ಮೋಡ ಕವಿದರೆ ಹೂ ಉದುರುತ್ತದೆ, ನೆಟೆ ರೋಗ ಬಿದ್ದರೆ ನಿಂತ ಗಿಡ ನಿಂತಂತೆ ಒಣಗುತ್ತದೆ. ಅದಕ್ಕೆ ಟ್ಯಾಗ್ ಏನು ಮಾಡೀತು? ಇಂಥ ಹೊಲದಲ್ಲಿ 30 ವರ್ಷ ದುಡಿದವನಿಗೆ ಸರ್ಕಾರಿ ಸಂಬಳ ಅಂದರೆ ತಿಂಗಳಿಗೊಮ್ಮೆ ತಪ್ಪದೆ ಬೀಳುವ ಮಳೆ. ಜೊತೆಗೆ 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371(ಜೆ) ಬಂತು. ಈ ಭಾಗದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲು ಸಿಕ್ಕಿತು. ಬರಬೇಕಾದದ್ದೇ, ತಡವಾಗಿ ಬಂತು. ಅದರ ಜೊತೆಗೆ ಮನೆಮನೆಗೂ ಒಂದು ಹೊಸ ಮಾತು ಹೊಕ್ಕಿತು: "ಈಗರ ನಿನಗ ನೌಕರಿ ಸಿಗ್ಲೇಬೇಕು." ಮೊದಲು ನೌಕರಿ ಸಿಗದಿದ್ದರೆ ಸರ್ಕಾರವನ್ನೋ ಹಣೆಬರಹವನ್ನೋ ಬೈದು ಸುಮ್ಮನಾಗುತ್ತಿದ್ದೆವು. ಈಗ ಹುಡುಗನದೇ ತಪ್ಪು.

ಹುಡುಗನ ತಪ್ಪು ಎಷ್ಟಿರುತ್ತದೆ ಅನ್ನುವುದಕ್ಕೂ ಒಂದು ಲೆಕ್ಕ ಬೇಕಲ್ವಾ? 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಯಿತು. ಅದರ ಎಳೆ ಮೊದಲು ಸಿಕ್ಕಿದ್ದೇ ಕಲಬುರಗಿಯಲ್ಲಿ. 2022ರ ಏಪ್ರಿಲಿನಲ್ಲಿ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಎರಡು ವರ್ಷಕ್ಕಿಂತ ಹೆಚ್ಚು. ಪ್ರಾಮಾಣಿಕವಾಗಿ ಓದಿದವನಿಗೆ ಆ ಎರಡು ವರ್ಷದಲ್ಲಿ ಗುರಿ ಹಾಗೇ ಇತ್ತು, ದಾರಿ ಮಾಯವಾಗಿತ್ತು. ದುಡಿದರೆ ಫಲ ಇದೆ ಅನ್ನುವ ತಾಳೆ ಮುರಿದುಬಿತ್ತು. 'ಇದೆಲ್ಲಾ ಯಾತಕ್ಕ' ಅನ್ನುವ ಪ್ರಶ್ನೆ ಬರೀ ಮನಸ್ಸಿನೊಳಗೆ ಹುಟ್ಟುವುದಿಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ. ಎಷ್ಟೋ ಸಲ ಅದು ನೋಟಿಸ್ ಬೋರ್ಡಿನಲ್ಲಿ ಹುಟ್ಟುತ್ತದೆ.

ಇದೇ ಹೊತ್ತಿಗೆ ಮೊಬೈಲಿನಲ್ಲಿ ಇನ್ನೊಂದು ದೊಡ್ಡ ಗಂಟಲು. ಬೆಳಿಗ್ಗೆ ನಾಲ್ಕಕ್ಕೆ ಏಳು, ಕನಸು ಕಾಣು, ಗೆದ್ದವನಿಗೆ ಮಾತ್ರ ಜಗತ್ತು. ಒಂದು ನಿಮಿಷದ ವಿಡಿಯೋದಲ್ಲಿ ಹಿಂದೆ ಸಂಗೀತ, ಮುಂದೆ ಕೂಗು. ರೀಡಿಂಗ್ ರೂಮುಗಳಲ್ಲಿ ಇಯರ್‌ಫೋನ್ ಹಾಕಿಕೊಂಡು ಹುಡುಗರು ಇದನ್ನೇ ಕೇಳುತ್ತಾರೆ. ನನಗೆ ಇದರ ಮೇಲೆ ಇರುವ ತಕರಾರು ಒಂದೇ. ಸಾವಿರಾರು ವರ್ಷ ಜನ ಜಗಳಾಡಿದ ಪ್ರಶ್ನೆಗೆ ಇವರು ಒಂದೇ ಉತ್ತರ ಇಟ್ಟುಕೊಂಡಿದ್ದಾರೆ: ಗೆಲುವು. ಅಣ್ಣನ ಉತ್ತರಕ್ಕೂ ಇದಕ್ಕೂ ಚೆನ್ನಾಗಿ ಜೋಡಿಯಾಗುತ್ತದೆ. ಮನೆಯಲ್ಲೂ ಅದೇ, ಫೋನಿನಲ್ಲೂ ಅದೇ. ಹುಡುಗ ಎಲ್ಲಿ ಹೋಗಬೇಕು?

ಬೇರೆ ಉತ್ತರಗಳು ನಮ್ಮಲ್ಲಿ ಇರಲಿಲ್ಲವೇ? ಕಲಬುರಗಿ, ಬೀದರ್, ಯಾದಗಿರಿಯಷ್ಟು ಉತ್ತರಗಳು ಒತ್ತೊತ್ತಾಗಿ ಸಿಗುವ ಜಾಗ ಕಡಿಮೆ ಅಂತಲೇ ನನ್ನ ಅಂದಾಜು. ಮುತ್ಯಾ ಹೇಳಿದ ದುಡಿಮೆ ಮತ್ತು ರೊಟ್ಟಿ 12ನೇ ಶತಮಾನದ ಕಲ್ಯಾಣದಿಂದ ಬಂದದ್ದು, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ. ಕಾಯಕ ಮತ್ತು ದಾಸೋಹ. ದುಡಿ, ಹಂಚು. ಕೈಲಾಸವನ್ನು ಅಲ್ಲಿನ ಶರಣರು ಸತ್ತ ಮೇಲಿನ ಜಾಗದಿಂದ ಕೆಳಗಿಳಿಸಿ ದಿನದ ಕೆಲಸದೊಳಗೆ ಇಟ್ಟರು. ಅರ್ಥ ಹುಡುಕಲು ಗುಡ್ಡ ಹತ್ತಬೇಕಿಲ್ಲ, ಮಗ್ಗದ ಗುಂಡಿಯಲ್ಲೇ ಇದೆ ಅಂದ ಹಾಗೆ. ಆದರೆ ಈಗ ಏನಾಗಿದೆ ನೋಡಿ. 'ಕಾಯಕವೇ ಕೈಲಾಸ' ಅನ್ನುವುದು ಕಚೇರಿಗಳ ಗೋಡೆ ಮೇಲಿನ ಬೋರ್ಡು. ಜಾಸ್ತಿ ದುಡಿ ಅನ್ನುವುದಕ್ಕೆ ಒಂದು ಪವಿತ್ರ ಮುದ್ರೆ. ದಾಸೋಹದ ಅರ್ಧವನ್ನು ಅಲ್ಲಿ ಯಾರೂ ಬರೆಸುವುದಿಲ್ಲ.

ಇನ್ನೂ ಒಂದನ್ನು ಬಿಟ್ಟಿದ್ದೇವೆ: ಅಳತೆ. ಆಯ್ದಕ್ಕಿ ಮಾರಯ್ಯ ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ಬದುಕುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ, ಇದು ನಮ್ಮ ಅಳತೆಯಲ್ಲ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂದಳು. ಆಸೆ ಅರಸರಿಗೆ ಇರಬಹುದು, ನಮಗ್ಯಾಕೆ ಅಂತ ಅವಳ ವಚನ ಕೇಳುತ್ತದೆ. ಈ ಕತೆಯನ್ನು ದುರಾಸೆ ಬೇಡ ಅನ್ನುವ ಪಾಠವಾಗಿ ಶಾಲೆಯಲ್ಲಿ ಹೇಳಿಕೊಟ್ಟರು. ನನಗೆ ಈಗ ಬೇರೆ ಥರ ಕಾಣುತ್ತದೆ. ಒಂದು ಬದುಕು ಎಷ್ಟು ಹೊರಬೇಕು ಅನ್ನುವುದಕ್ಕೂ ಒಂದು ಅಳತೆ ಇದೆ ಅಂತ ಲಕ್ಕಮ್ಮ ಹೇಳುತ್ತಿದ್ದಾಳೆ. ಅಪ್ಪನ ಬಾಕಿ, ಅಜ್ಜನ ಬಾಕಿ, ಊರಿನ ಮಾತು, ಇದೆಲ್ಲ 27ರ ಹುಡುಗನ ಜೋಳಿಗೆಗೆ ಸುರಿದರೆ ಅದು ಅವನ ಅಳತೆಯೇ?

ಇನ್ನೊಬ್ಬರು ಜೇಡರ ದಾಸಿಮಯ್ಯ. ಈಗಿನ ಯಾದಗಿರಿ ಜಿಲ್ಲೆಯ ಮುದನೂರಿನವರು, ನೇಕಾರರು. 'ಒಡಲುಗೊಂಡವ ಹಸಿವ, ಒಡಲುಗೊಂಡವ ಹುಸಿವ' ಅಂತ ಶುರು ಮಾಡಿ, ಒಡಲಿದೆ ಅಂತ ನನ್ನನ್ನು ಜರಿಯಬೇಡ, ನೀನೂ ನನ್ನ ಹಾಗೆ ಒಮ್ಮೆ ಒಡಲು ತೊಟ್ಟು ನೋಡು ಅಂತ ತಮ್ಮ ದೇವರು ರಾಮನಾಥನನ್ನೇ ಕೆಣಕುತ್ತಾರೆ. ಮೊದಲು ಹೊಟ್ಟೆ, ಆಮೇಲೆ ತತ್ವ. ಅತ್ತಿಗೆಯ ಮಾತನ್ನು ನಾವೆಲ್ಲ ತಮಾಷೆ ಅಂದುಕೊಂಡು ನಕ್ಕೆವು. ಅದು ದಾಸಿಮಯ್ಯನ ಸಾಲಿಗೆ ಸೇರುವ ಮಾತು.

ಅತ್ತಿಗೆಯ ವಿಷಯ ಬಂದಿದ್ದಕ್ಕೆ ಒಂದು ಅಡ್ಡಮಾತು. ರಷ್ಯಾದ ಟಾಲ್‌ಸ್ಟಾಯ್‌ಗೆ ಐವತ್ತರ ಹತ್ತಿರ ಈ ಪ್ರಶ್ನೆ ಬಂದು ಕುಕ್ಕಿತು. ಹೆಸರಿತ್ತು, ಜಮೀನಿತ್ತು, ದೊಡ್ಡ ಸಂಸಾರವಿತ್ತು. ಆದರೂ 'ಆಮೇಲೇನು' ಅನ್ನುವುದು ಬಿಡಲಿಲ್ಲ. ಕೊನೆಗೆ ತನ್ನ ಸುತ್ತಲಿನ ರೈತರ ನಂಬಿಕೆಯಲ್ಲಿ ಉತ್ತರ ಇದೆ ಅಂತ ಬರೆದರು. ಚೆಂದವೇ. ಆದರೆ ಆ ರೈತರ ಹೆಂಡಂದಿರಿಗೆ ಕೂತು ಯೋಚಿಸಲು ಒಂದು ಗಂಟೆ ಬಿಡುವು ಕೊಟ್ಟಿದ್ದರೆ ಅವರು ಏನು ಹೇಳುತ್ತಿದ್ದರೋ. ನಮ್ಮ ಮನೆಯಲ್ಲೂ ಅತ್ತಿಗೆಯನ್ನು ಯಾರೂ ಕೇಳಿರಲಿಲ್ಲ, ಅವರಾಗಿಯೇ ಒಲೆಯ ಹತ್ತಿರದಿಂದ ಹೇಳಿದ್ದು. ಗುಳೆ ಹೊರಟು ಮುಂಬೈ, ಪುಣೆ, ಹೈದರಾಬಾದಿನಲ್ಲಿ ಕಟ್ಟಡದ ಕೆಲಸ ಮಾಡುವ ನಮ್ಮೂರ ಮಂದಿಯನ್ನೂ ಯಾರೂ ಕೇಳುವುದಿಲ್ಲ. ಅರ್ಥದ ಪ್ರಶ್ನೆ ಕೇಳಲಿಕ್ಕೂ ಸ್ವಲ್ಪ ನೆರಳು ಬೇಕು.

ಕಲ್ಯಾಣದ ಉತ್ತರ ಒಂದೇ ಅಲ್ಲ. ದೆಹಲಿ ಬಿಟ್ಟು ಸುಮಾರು 1400ರಲ್ಲಿ ಕಲಬುರಗಿಗೆ ಬಂದು 1422ರಲ್ಲಿ ಇಲ್ಲೇ ತೀರಿಕೊಂಡ ಖ್ವಾಜಾ ಬಂದೇನವಾಜರದು ಪ್ರೀತಿಯ ದಾರಿ. 'ನಾನು' ಕರಗಿದರೆ ಅರ್ಥ ಉಳಿಯುತ್ತದೆ ಅನ್ನುವ ಸೂಫಿ ಮಾತು. ಕಡಕೋಳದ ಮಡಿವಾಳಪ್ಪನವರ ತತ್ವಪದಗಳಲ್ಲಿ ಅದಕ್ಕೆ ಬೇರೆಯದೇ ಮಣ್ಣಿನ ವಾಸನೆ. ಅವರ ಶಿಷ್ಯರಲ್ಲಿ ಚನ್ನೂರು ಜಲಾಲ ಸಾಹೇಬರೂ ಇದ್ದರು, ಖೈನೂರು ಕೃಷ್ಣಪ್ಪನವರೂ ಇದ್ದರು. ಗಾಣಗಾಪುರದಲ್ಲಿ ದತ್ತನ ಪಾದುಕೆಗೆ ಹಣೆ ಹಚ್ಚುವವರ ಉತ್ತರ ಮತ್ತೊಂದು.

ನನಗೆ ಹೆಚ್ಚು ಇಷ್ಟವಾಗುವುದು ಬೀದರ್ ಹತ್ತಿರದ ಅಷ್ಟೂರು. ಅಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹನ ಗುಂಬಜ್ ಇದೆ. ಮುಸ್ಲಿಮರಿಗೆ ಅವನು ವಲಿ, ಅಂದರೆ ಸಂತ. ಎಷ್ಟೋ ಲಿಂಗಾಯತರಿಗೆ ಅವನು ಅಲ್ಲಮಪ್ರಭು. ಉರುಸಿಗೆ ಆಳಂದ ತಾಲ್ಲೂಕಿನ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ಭಾವೈಕ್ಯ ಅಂತ ಭಾಷಣದಲ್ಲಿ ಇದನ್ನು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇವೆ. ಆದರೆ ಅಲ್ಲಿ ನಡೆಯುವುದನ್ನು ಸರಿಯಾಗಿ ನೋಡಿ. ಆ ಗೋರಿಯ ಅರ್ಥ ಏನು ಅನ್ನುವುದರಲ್ಲಿ ಅವರಿಗೆ ಒಮ್ಮತವೇ ಇಲ್ಲ. ಒಮ್ಮತ ಬೇಕು ಅಂತ ಯಾರೂ ಹಟ ಹಿಡಿದಿಲ್ಲ. ದೀಪ ಹಚ್ಚುವುದು ಒಂದೇ, ಹಚ್ಚುವವನ ಮನಸ್ಸಿನಲ್ಲಿರುವ ಹೆಸರು ಬೇರೆ. ಕೆಲಸ ಕೂಡಿ, ಅರ್ಥ ಬೇರೆಬೇರೆ.

ಹಳೆಯದೆಲ್ಲ ಚಿನ್ನ ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. 'ಎಲ್ಲದಕ್ಕೂ ಒಂದು ಅರ್ಥ ಇದೆ' ಅನ್ನುವ ನಂಬಿಕೆ ಎಲ್ಲರಿಗೂ ಒಂದೇ ಥರ ಹಿತವಾಗಿರಲಿಲ್ಲ. ಹಿಂದಿನ ಜನ್ಮದ ಕರ್ಮದಿಂದ ಈ ಹುಟ್ಟು ಅನ್ನುವ ವಿವರಣೆ ನಮ್ಮ ಓಣಿಯ ಒಬ್ಬರಿಗೆ ಸಮಾಧಾನ ಕೊಟ್ಟಿತು. ಊರ ಹೊರಗಿನ ಕೇರಿಯವರಿಗೆ ಅದೇ ವಿವರಣೆ ಬೇಡಿ ಹಾಕಿತು. ತಾಳೆ ಪಕ್ಕಾ ಇತ್ತು: ನೀನು ಹೀಗಿರುವುದು ಯಾಕೆಂದರೆ ನೀನು ಹೀಗೇ ಇರಬೇಕಾದವನು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೌದ್ಧ ಧಮ್ಮ ಸ್ವೀಕರಿಸಿದಾಗ ಮುರಿದದ್ದು ಈ ತಾಳೆಯನ್ನೇ. ಕಲಬುರಗಿಯ ಬುದ್ಧ ವಿಹಾರಕ್ಕೆ ಭಾನುವಾರ ಸಂಜೆ ಸುಮ್ನೆ ತಿರುಗಾಡಲು ಬರುವವರೇ ಜಾಸ್ತಿ ಅನ್ನಿ. ಆದರೆ ಅಲ್ಲಿ ಕಣ್ಣುಮುಚ್ಚಿ ಕೂರುವ ಕೆಲವರಿಗೆ ಹಳೆ ಅರ್ಥವನ್ನು ಕಳಚಿಟ್ಟದ್ದೇ ಬದುಕಿನ ದೊಡ್ಡ ಅರ್ಥ. ಹಾಗಾಗಿ ನಮ್ಮ ಹುಡುಗಿ 'ಹೊರಗಿನ ಅರ್ಥ ಇಲ್ಲ, ನಾವೇ ಮಾಡ್ಕೋಬೇಕು' ಅಂದಾಗ ಮುತ್ಯಾ ಅದನ್ನು ಬೆಂಗಳೂರಿನ ಗಾಳಿ ಅಂದರೂ ನನಗೆ ಹಾಗನಿಸಲಿಲ್ಲ. ಆ ಮಾತಿಗೆ ನಮ್ಮ ಜಿಲ್ಲೆಯಲ್ಲೇ ಬೇರಿದೆ.

ಹೊರಗಿನ ಜಗತ್ತಿನಲ್ಲಿ ಇದನ್ನು ಅಳೆದು ನೋಡಿದವರು ಏನು ಹೇಳುತ್ತಾರೆ? 2014ರಲ್ಲಿ ಮನಶ್ಶಾಸ್ತ್ರಜ್ಞರಾದ ಶಿಗೆಹಿರೊ ಒಯಿಶಿ ಮತ್ತು ಎಡ್ ಡೀನರ್ 132 ದೇಶಗಳ ಸಮೀಕ್ಷೆಯನ್ನು ಇಟ್ಟುಕೊಂಡು ಬರೆದರು. ಶ್ರೀಮಂತ ದೇಶದವರು ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತಿ ಇದೆ ಅಂದರು. ಆದರೆ 'ನಿಮ್ಮ ಬದುಕಿಗೆ ಮುಖ್ಯವಾದ ಒಂದು ಅರ್ಥ ಇದೆಯೇ' ಅಂದಾಗ ಹೌದು ಅಂದವರು ಬಡ ದೇಶಗಳಲ್ಲೇ ಹೆಚ್ಚು. ಧರ್ಮದ ನಂಟು ಅದಕ್ಕೆ ದೊಡ್ಡ ಕಾರಣ ಅನ್ನುವುದು ಅವರ ವಿವರಣೆ. ಇದನ್ನು ಓದಿ ಎದೆ ಉಬ್ಬಿಸುವವರಿದ್ದಾರೆ: ನೋಡ್ರೀ, ನಾವು ಬಡವರಾದರೂ ನಮ್ಮಲ್ಲಿ ಅರ್ಥ ಇದೆ. ಸ್ವಲ್ಪ ತಡೆಯಿರಿ. ಸಂಕಟ ಹೆಚ್ಚಿದ್ದಲ್ಲಿ ಅರ್ಥ ಹುಡುಕದೆ ಬದುಕಲಾಗುವುದಿಲ್ಲ ಅಂತಲೂ ಅದನ್ನು ಓದಬಹುದು. ಸೀಮೆಯಲ್ಲಿ ಬಾವಿ ಜಾಸ್ತಿ ಇದ್ದರೆ ನೀರು ಜಾಸ್ತಿ ಅಂತಲೇ ಅಲ್ಲ, ಹೊಳೆ ಇಲ್ಲ ಅಂತಲೂ ಇರಬಹುದು.

ಇನ್ನೊಂದು ಸಮೀಕ್ಷೆ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯದು, 2021ರಲ್ಲಿ ಬಂದದ್ದು. 17 ಮುಂದುವರಿದ ದೇಶ-ಪ್ರದೇಶಗಳಲ್ಲಿ ಬದುಕಿಗೆ ಅರ್ಥ ಕೊಡುವುದು ಏನು ಅಂತ ಕೇಳಿದರು. 14 ಕಡೆ ಮೊದಲ ಉತ್ತರ ಸಂಸಾರ. ಸ್ಪೇನಿನಲ್ಲಿ ಆರೋಗ್ಯ, ತೈವಾನಿನಲ್ಲಿ ತಮ್ಮ ಸಮಾಜ. ದಕ್ಷಿಣ ಕೊರಿಯಾದಲ್ಲಿ ಮಾತ್ರ ಮೊದಲ ಸ್ಥಾನ ಹಣಕಾಸಿನ ನೆಮ್ಮದಿಗೆ. ಕೊರಿಯಾ ನೋಡಿ ನನಗೆ ನಮ್ಮ ರೀಡಿಂಗ್ ರೂಮುಗಳು ನೆನಪಾದವು. ಪರೀಕ್ಷೆಯ ಮೇಲೆ ಬದುಕನ್ನೇ ನಿಲ್ಲಿಸಿದ ದೇಶ ಅದು. ಭಾರತ ಆ ಪಟ್ಟಿಯಲ್ಲಿರಲಿಲ್ಲ. ಇದ್ದಿದ್ದರೆ ನಾವೂ ಸಂಸಾರ ಅಂತಲೇ ಹೇಳುತ್ತಿದ್ದೆವು ಅನ್ನುವುದು ನನ್ನ ಊಹೆ. ಆದರೆ 'ಸಂಸಾರ' ಅಂದಾಗ ಕೂಡಿ ಉಣ್ಣುವುದೋ, ಮಗನ ಅಪಾಯಿಂಟ್‌ಮೆಂಟ್ ಆರ್ಡರೋ? ಆ ಒಂದು ಪದದೊಳಗೆ ಎರಡೂ ಅಡಗಿ ಕೂರುತ್ತವೆ.

ಅಣ್ಣನನ್ನು ಅರ್ಥ ಮಾಡಿಕೊಳ್ಳಲು ಸಹಾಯವಾದದ್ದು ಮೂರನೆಯದು. ಮನಶ್ಶಾಸ್ತ್ರಜ್ಞ ರಾಯ್ ಬಾಮೈಸ್ಟರ್ ಮತ್ತು ಜೊತೆಯವರು 2013ರಲ್ಲಿ, ಸುಖದ ಬದುಕು ಮತ್ತು ಅರ್ಥ ಇರುವ ಬದುಕು ಎಲ್ಲಿ ಬೇರೆಯಾಗುತ್ತವೆ ಅಂತ ನೋಡಿದರು. ಚಿಂತೆ, ಒತ್ತಡ ಹೆಚ್ಚಿದ್ದವರಲ್ಲಿ ಸುಖ ಕಡಿಮೆ, ಆದರೆ ಅರ್ಥ ಇದೆ ಅನ್ನುವ ಭಾವ ಹೆಚ್ಚು. ಕೊಡುವವರಲ್ಲೂ ಹಾಗೇ. ಅಣ್ಣ ಮಗನಿಗಾಗಿ ಸಾಲ ಮಾಡಿ ಫೀ ಕಟ್ಟಿ, ರಾತ್ರಿ ನಿದ್ದೆಗೆಟ್ಟು ಚಿಂತೆ ಮಾಡುತ್ತಾನೆ. ಆ ಚಿಂತೆಯೇ ಅವನಿಗೆ ಅರ್ಥ ಕೊಡುತ್ತಿದೆ. ಅದನ್ನು ಕೈಬಿಡು ಅಂದರೆ ಅವನಿಗೆ ಹಗುರವಾಗುವುದಿಲ್ಲ, ಖಾಲಿಯಾಗುತ್ತದೆ. ತಂದೆ ಮಕ್ಕಳ ನಡುವೆ ಈ ಗಂಟು ಸುಲಭಕ್ಕೆ ಬಿಚ್ಚದಿರುವುದು ಇದಕ್ಕೇ. ಕೊಡುವವನಿಗೆ ಅರ್ಥ, ತೆಗೆದುಕೊಳ್ಳುವವನಿಗೆ ಋಣ.

ಒಂದು ಮಾತನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕು. 'ಬದುಕಿನ ಅರ್ಥ ಏನು' ಅನ್ನುವುದು ಬೇರೆ, 'ಬದುಕೇ ಬೇಡ' ಅನ್ನುವುದು ಬೇರೆ. ನಿದ್ದೆ ಹಾರಿ, ಊಟ ಬಿಟ್ಟು, ಎರಡನೆಯ ಮಾತು ಆಡುವವರಿಗೆ ಮಠದ ಪ್ರವಚನವೂ ಬೇಡ, ಕಾಕಾನ ಉಪದೇಶವೂ ಬೇಡ. 14416ಕ್ಕೆ ಕರೆ ಮಾಡಬೇಕು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ನಮ್ಮ ಹುಡುಗನದು ಮೊದಲನೆಯ ಪ್ರಶ್ನೆಯೇ ಅಂತ ಖಾತ್ರಿ ಮಾಡಿಕೊಳ್ಳಲು ನಾನು ಅವನನ್ನು ನೇರವಾಗಿ ಕೇಳಿದೆ. "ಹಂಗೇನಿಲ್ಲ ಕಾಕಾ, ಸುಮ್ನೆ ದಣದೀನಿ" ಅಂದ.

ಮಾರನೆ ದಿನ ಅವನನ್ನು ಗಾಡಿ ಮೇಲೆ ಕೂರಿಸಿಕೊಂಡು ಸನ್ನತಿಗೆ ಹೋದೆ. ನಮ್ಮ ತಾಲ್ಲೂಕಿನದೇ ಊರು, ಭೀಮಾ ದಂಡೆ. ಚಂದ್ರಲಾಂಬೆಗೆ ಕೈಮುಗಿದು ಹೊಳೆ ಕಡೆ ಕೂತೆವು. ಪರೀಕ್ಷೆಗೆ ಓದಿದವನಲ್ಲವೇ, ಅವನೇ ಶುರು ಮಾಡಿದ. 1986ರಲ್ಲಿ ಇಲ್ಲಿನ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯ ಅಡಿಪಾಯಕ್ಕೆ ಹಾಕಿದ್ದ ಕಲ್ಲು ನೋಡಿದರೆ ಅದು ಅಶೋಕನ ಶಾಸನ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ 'ರಾಯೋ ಅಸೋಕೋ' ಅಂತ ಬರೆದ ಅಶೋಕನ ಶಿಲ್ಪವೂ ಸಿಕ್ಕಿತು. ಇಷ್ಟೂ ಅವನಿಗೆ ಬಾಯಿಪಾಠ. ಒಂದು ಮಾರ್ಕಿನ ಪ್ರಶ್ನೆ.

"ಆ ಶಾಸನದಾಗ ಏನದ?" ಅಂದೆ.

"ಹನ್ನೆರಡನೇದು, ಹದಿನಾಲ್ಕನೇದು. ಮತ್ತ ಎರಡು ಬ್ಯಾರೇವು."

"ನಂಬರ್ ಬಿಡು. ಏನ್ ಬರದದ?"

ಅದು ಅವನಿಗೆ ಗೊತ್ತಿರಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಅದನ್ನು ಕೇಳುವುದಿಲ್ಲವಲ್ಲ. ನನಗೆ ತಿಳಿದಷ್ಟು ಹೇಳಿದೆ. ಹನ್ನೆರಡನೇ ಶಾಸನ ಬೇರೆ ಬೇರೆ ಮತದವರು ಒಟ್ಟಿಗೆ ಬದುಕುವುದರ ಬಗ್ಗೆಯೇ ಇದೆ. ದಾನ, ಗೌರವಕ್ಕಿಂತ ಎಲ್ಲ ಮತಗಳ ತಿರುಳು ಬೆಳೆಯುವುದು ಮುಖ್ಯ ಅನ್ನುತ್ತದೆ. ಅದರ ಬೇರು ಏನು ಗೊತ್ತೇ? ನಾಲಿಗೆಯ ಹಿಡಿತ. ಹೊತ್ತಲ್ಲದ ಹೊತ್ತಿನಲ್ಲಿ ನಿನ್ನ ಮತವನ್ನು ಹೊಗಳಬೇಡ, ಇನ್ನೊಬ್ಬರದನ್ನು ತೆಗಳಬೇಡ. ಹೊತ್ತು ಬಂದಾಗಲೂ ಹಗುರವಾಗಿ ಆಡು. ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಿ. ಎಲ್ಲವೂ ಒಂದೇ ಅಂತ ಅಶೋಕ ಎಲ್ಲೂ ಹೇಳುವುದಿಲ್ಲ. ಬೇರೆಬೇರೆ ಅಂತ ಒಪ್ಪಿಕೊಂಡೇ ಮಾತು ಶುರು ಮಾಡುತ್ತಾನೆ.

ಇದಾಗಿ ಸಾವಿರ ವರ್ಷಕ್ಕೆ, ಇಲ್ಲಿಂದ ದೂರವೇನಲ್ಲದ ಮಳಖೇಡದಲ್ಲಿ, ಕಾಗಿಣಾ ದಂಡೆಯ ರಾಷ್ಟ್ರಕೂಟರ ರಾಜಧಾನಿಯಲ್ಲಿ ಕವಿರಾಜಮಾರ್ಗ ಹುಟ್ಟಿತು. ಅದರಲ್ಲೂ ಇದೇ ಮಾತು. ಇನ್ನೊಬ್ಬರ ವಿಚಾರವನ್ನೂ ಇನ್ನೊಬ್ಬರ ಧರ್ಮವನ್ನೂ ಸೈರಿಸಬಲ್ಲೆಯಾದರೆ ಅದೇ ಕಸವರ, ಅಂದರೆ ಬಂಗಾರ. ಸೈರಿಸುವುದು ಅನ್ನುವ ಪದ ಗಮನಿಸಿ. ಮೆಚ್ಚುವುದು ಅಂತ ಬರೆದಿಲ್ಲ. ಕವಿಗೆ ಗೊತ್ತಿತ್ತು, ಇನ್ನೊಬ್ಬರ ವಿಚಾರ ಮೈಗೆ ಮುಳ್ಳಿನ ಹಾಗೆ ಚುಚ್ಚುತ್ತದೆ, ಅದನ್ನು ತಡೆದುಕೊಳ್ಳಬೇಕು ಅಂತ.

ಪರಧರ್ಮವನ್ನು ಸೈರಿಸುವುದರ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ, ಮಾಡುವುದು ಎಷ್ಟೋ ಅದು ಬೇರೆ. ಆದರೆ ಆ 'ಪರ' ನಮ್ಮದೇ ಪಡಸಾಲೆಯಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದರೆ? ಓಣಿಯಾಚೆಯವನ ಅರ್ಥವನ್ನು ತಾಳಿಕೊಳ್ಳುವುದು ಸುಲಭ, ಅವನಿಂದ ನಮಗೆ ಆಗಬೇಕಾದ್ದೇನೂ ಇಲ್ಲ. ಮಗನ ಅರ್ಥವನ್ನು ತಾಳಿಕೊಳ್ಳುವುದು ಕಷ್ಟ, ನಮ್ಮ ಅರ್ಥವನ್ನೇ ಅವನ ಹತ್ತಿರ ಅಡವಿಟ್ಟಿರುತ್ತೇವೆ. ಮಕ್ಕಳಿಗೂ ಇದೇ ಕಷ್ಟ. ಅಪ್ಪನ ಆಸೆಯನ್ನು ಬರೀ ಹಟ ಅಂತ ನೋಡುತ್ತಾರೆ, ಅದರ ಹಿಂದಿನ 30 ವರ್ಷದ ಬಿಸಿಲು ಕಾಣುವುದಿಲ್ಲ.

ಹುಡುಗ ಹೊಳೆಗೆ ಒಂದೊಂದೇ ಹರಳು ಎಸೆಯುತ್ತಿದ್ದ. ಆಮೇಲೆ ಅಂದ, "ನನಗ ಸಾಲಿ ಮಾಸ್ತರ್ ಆಗೋದು ಬೇಕಾಗಿತ್ತು ಕಾಕಾ. ಪಿಎಸ್‌ಐ ಅಂದಿದ್ದು ಅಪ್ಪ." ಐದು ವರ್ಷದಲ್ಲಿ ನನಗೆ ಇದು ಗೊತ್ತೇ ಇರಲಿಲ್ಲ. ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಅಪ್ಪಗ ಹೇಳೀಯೇನು?"

"ನೀ ಹೇಳು."

"ನಾ ಯಾಕ ಹೇಳ್ಲಿ? ನಿನ್ನ ಮಾತು ನೀ ಹೇಳು."

ಅಷ್ಟರಲ್ಲಿ ಅಣ್ಣನ ಫೋನು. "ಎಲ್ಲಿ ಕುಂತೀರಿ ಇಬ್ರೂ? ರಾಶಿ ಮಷೀನು ಬಂದು ನಿಂತದ, ಆಳು ಕಮ್ಮಿ ಅದಾರ."

ನಾವು ಹೋಗುವ ಹೊತ್ತಿಗೆ ಹೊಲದಲ್ಲಿ ಧೂಳು ಮುಗಿಲಿಗೆ ಹತ್ತಿತ್ತು. ಅತ್ತಿಗೆ ಮೂಗಿಗೆ ಸೆರಗು ಬಿಗಿದು ಬಣವೆಯ ಮೇಲಿಂದ ತೊಗರಿ ಕಟ್ಟು ಎಳೆದು ಕೊಡುತ್ತಿದ್ದರು. ಹುಡುಗ ಅಂಗಿ ಬಿಚ್ಚಿಟ್ಟು ಚೀಲ ಹಿಡಿದ. ಅಣ್ಣ ಮಷೀನಿನ ಸದ್ದಿಗಿಂತ ಜೋರಾಗಿ ಕೂಗಿ ಕೇಳಿದ, "ಫಾರ್ಮ್ ತುಂಬಿದೇನು? ನಾಳಿಗಿ ಲಾಸ್ಟ್ ಡೇಟ್ ಅಂತಲ್ಲ?"

"ಇಲ್ಲಪ್ಪ. ರಾಶಿ ಆದ ಮ್ಯಾಲ ಮಾತಾಡಾಮ."

ಅಣ್ಣ ನನ್ನ ಕಡೆ ನೋಡಿದ. ನಾನು ಖಾಲಿ ಚೀಲ ಹುಡುಕುವವನಂತೆ ಆ ಕಡೆ ಹೋದೆ.